ಎಚ್‌ಸಿ-6 ಕ್ರಿಸ್ಟಲ್ ಜಾಗಕ್ಕೆ ಅಗ್ಗದ ಎಚ್‌ಸಿ-49: ಫ್ರೀಕ್ವೆನ್ಸಿ ಸರಿಹೊಂದುತ್ತಿಲ್ಲ

ಪ್ರಶ್ನೆ: ವಾಲ್ವ್ ರಿಸೀವರಿನ 11 ಮೆಗಾಹರ್ಟ್ಸ್ ಕ್ರಿಸ್ಟಲ್ (ಫ್ರೀಕ್ವೆನ್ಸಿ ಕೊಡುವ ಕ್ವಾರ್ಟ್ಸ್ ಬಿಲ್ಲೆ, ಎಚ್‌ಸಿ-6 ಎಂಬ ದೊಡ್ಡ ಡಬ್ಬಿಯದು) ಹೋಗಿದೆ. ಅದು 32 ಪಿಎಫ್ ಲೋಡ್‌ನದು (ಸರ್ಕ್ಯೂಟ್ ಅದಕ್ಕೆ ಕೊಡಬೇಕಾದ ಕೆಪಾಸಿಟೆನ್ಸ್), ಫಂಡಮೆಂಟಲ್, ಅಂದರೆ ಮೂಲ ಕಂಪನದಲ್ಲೇ ಓಡುವುದು. 20 ಪಿಎಫ್‌ನ ಎಚ್‌ಸಿ-49 (ಚಿಕ್ಕ ಡಬ್ಬಿಯ ಕ್ರಿಸ್ಟಲ್) ಹಾಕಿದರೆ ಓಡುತ್ತದೆ, ಆದರೆ ಸುಮಾರು 1.4 ಕಿಲೋಹರ್ಟ್ಸ್ ಕೆಳಗೆ. ಏನು ಮಾಡಲಿ?

ಉತ್ತರ 1: ಲೋಡ್ ಹೆಚ್ಚಾಗಿದ್ದಕ್ಕೇ ಇಳಿದಿದೆ. ಕ್ರಿಸ್ಟಲ್‌ಗೆ ಸರಣಿಯಲ್ಲಿ 53 ಪಿಎಫ್ ಕೊಟ್ಟರೆ 32 ಹೋಗಿ 20 ಆಗುತ್ತದೆ. ಆ 53ಕ್ಕೆ, 33 ಪಿಎಫ್ ಎನ್‌ಪಿ0 (ಬಿಸಿಗೆ ಬದಲಾಗದ) ಕೆಪಾಸಿಟರ್‌ಗೆ 5–30 ಪಿಎಫ್ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಕೆಪಾಸಿಟರ್) ಪ್ಯಾರಲಲ್ ಹಾಕಿ, ಫ್ರೀಕ್ವೆನ್ಸಿ ಕೌಂಟರ್ ನೋಡುತ್ತಾ ತಿರುಗಿಸಿ. ಹಳೆಯ ಕ್ರಿಸ್ಟಲ್‌ನ ಡಬ್ಬಿ ಬಿಸಿ ಮಾಡಿ ಬಿಚ್ಚಿ, ಬುಡ ಉಳಿಸಿಕೊಂಡು ಹೊಸದನ್ನು ಅದಕ್ಕೇ ಬೆಸೆಯಿರಿ, 1.27 ಮಿ.ಮೀ. ಪಿನ್ನು ಬೇರೆ ಹುಡುಕಬೇಕಿಲ್ಲ.

ಉತ್ತರ 2: ಅದಕ್ಕಿಂತ ಮುಖ್ಯ, ಡ್ರೈವ್, ಅಂದರೆ ಸರ್ಕ್ಯೂಟ್ ಕ್ರಿಸ್ಟಲ್‌ಗೆ ಕೊಡುವ ಶಕ್ತಿ. ಗಿಡ್ಡ ಎಚ್‌ಸಿ-49/ಎಸ್ ಬೇಡವೇ ಬೇಡ, ಎತ್ತರದ ಎಚ್‌ಸಿ-49/ಯು ತೆಗೆದುಕೊಳ್ಳಿ. ವಾಲ್ವಿನ ಕರೆಂಟಿಗೆ ಗಿಡ್ಡದರ ಚಿಕ್ಕ ಬಿಲ್ಲೆ ಕಾಯುತ್ತದೆ, ಫ್ರೀಕ್ವೆನ್ಸಿ ಜಾರುತ್ತದೆ, ಕೊನೆಗೆ ಸೀಳುತ್ತದೆ. ವಾಲ್ವಿನ ಸ್ಕ್ರೀನ್ ರೆಸಿಸ್ಟರ್ ಹೆಚ್ಚಿಸಿ ಡ್ರೈವ್ ಇಳಿಸುತ್ತಾ ಹೋಗಿ, ಆಸಿಲೇಟರ್ ಪ್ರತಿ ಸಲ ತಣ್ಣಗಿನಿಂದ ಎದ್ದೇಳುವವರೆಗೆ ಮಾತ್ರ. ವಾಲ್ವಿನ ಪ್ಲೇಟ್‌ನಿಂದ (ಹೆಚ್ಚು ವೋಲ್ಟೇಜಿನ ತುದಿ) ಗ್ರಿಡ್‌ಗೆ ಕ್ರಿಸ್ಟಲ್ ಇದ್ದರೆ ಪ್ಲೇಟ್ ಕಡೆ 1000 ಪಿಎಫ್, 500 ವೋಲ್ಟ್ ಮೈಕಾ ಕಡ್ಡಾಯ. ಟ್ರಿಮ್ಮರ್ ಪ್ಲೇಟಿನ ವೋಲ್ಟೇಜ್ ತಡೆಯದು.

ಉತ್ತರ 3: 20 ಮೆಗಾಹರ್ಟ್ಸ್ ಮೇಲಿನ ಹಳೆಯ ಕ್ರಿಸ್ಟಲ್‌ಗಳು ಹೆಚ್ಚಾಗಿ ಮೂರನೇ ಓವರ್‌ಟೋನ್, ಅಂದರೆ ಮೂಲ ಕಂಪನದ ಸುಮಾರು ಮೂರು ಪಟ್ಟಿನಲ್ಲಿ ಓಡುವಂಥವು. ಅಲ್ಲಿ ಈ ಟ್ರಿಮ್ಮರ್ ಉಪಾಯ ಅಷ್ಟಾಗಿ ಎಳೆಯುವುದಿಲ್ಲ.