'ಮಧ್ಯಮ' ಬೇಡ, 'ಹದ' ಆಗಬಹುದಾ?

ಗೆಳೆಯರೇ, ನಮಸ್ಕಾರ.

ಕಲಿಕೆ ಮತ್ತು ಒಳ್ಳೆಯ ನಡತೆ ಬಗ್ಗೆ ಅರಿಸ್ಟಾಟಲ್, ಕನ್‌ಫ್ಯೂಶಿಯಸ್ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಅರಿಸ್ಟಾಟಲ್‌ನ ಗ್ರೀಕಿನ 'ಮೆಸೋಟೀಸ್', ಕನ್‌ಫ್ಯೂಶಿಯಸ್‌ನ ಚೀನಿಯ 'ಜೊಂಗ್' ಎರಡೂ ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ನಡುವನ್ನು ಹೇಳುವ ಪದಗಳು. ಎರಡಕ್ಕೂ ನಾವು 'ಮಧ್ಯಮ' ಅಂತ ಬರೆದುಬಿಡುತ್ತೇವೆ. ಆದರೆ ಮಧ್ಯಮ ಅಂದ್ರೆ ಅಷ್ಟಕ್ಕಷ್ಟೆ ಅನ್ನೋ ಅರ್ಥವೂ ಬರುತ್ತದೆ, ಅಲ್ವಾ? ಅವರಿಬ್ಬರೂ ಹೇಳಿದ್ದು ಅದಲ್ಲ. 'ಜೊಂಗ್' ಅಕ್ಷರವನ್ನೇ ಬೇರೆ ಸ್ವರದಲ್ಲಿ ಓದಿದರೆ 'ಗುರಿಗೆ ತಾಗು' ಅಂತಾಗುತ್ತದೆ. ಅರಿಸ್ಟಾಟಲ್ ಕೂಡ ಗುರಿ ತಪ್ಪುವುದು ಸುಲಭ, ತಾಗುವುದು ಕಷ್ಟ ಅನ್ನುತ್ತಾನೆ.

ಇನ್ನೊಂದು ಮಾತು: ಈ ನಡು ಎಲ್ಲರಿಗೂ ಒಂದೇ ಅಲ್ಲ. ಅರಿಸ್ಟಾಟಲ್ ಕೊಡುವ ಉದಾಹರಣೆ ನೋಡಿ: 10 ಮಿನಾ (ಹಳೆಯ ಗ್ರೀಕ್ ಅಳತೆ) ತೂಕದ ಊಟ ಜಾಸ್ತಿ, 2 ಕಡಿಮೆ ಅಂತ ಗರಡಿ ಗುರು ಎಲ್ಲರಿಗೂ 6 ಬಡಿಸುವುದಿಲ್ಲ. ಮೈಲೋ ಎಂಬ ಪೈಲ್ವಾನನಿಗೆ ಅದು ಸಾಲದು, ಹೊಸಬನಿಗೆ ಹೆಚ್ಚು. ಕನ್‌ಫ್ಯೂಶಿಯಸ್ ಪಾಠವೂ ಹಾಗೇ. 'ಒಳ್ಳೆಯ ಮಾತು ಕಿವಿಗೆ ಬಿದ್ದ ಕೂಡಲೇ ಮಾಡಬೇಕಾ?' ಅಂತ ಇಬ್ಬರು ಶಿಷ್ಯರು ಕೇಳುತ್ತಾರೆ. ಜಿಲುಗೆ 'ಮನೆಯಲ್ಲಿ ಅಪ್ಪ, ಅಣ್ಣ ಇದ್ದಾರಲ್ಲ, ಅವರನ್ನು ಕೇಳದೆ ಹೇಗೆ?' ಅನ್ನುತ್ತಾನೆ. ರಾನ್ ಯೂಗೆ 'ಕೂಡಲೇ ಮಾಡು' ಅನ್ನುತ್ತಾನೆ. ಯಾಕೆ ಹೀಗೆ ಅಂತ ಮೂರನೆಯವನು ಕೇಳಿದ. ರಾನ್ ಯೂ ಹಿಂದೇಟು ಹಾಕುವವನು, ಅದಕ್ಕೆ ಮುಂದೆ ನೂಕಿದೆ; ಜಿಲು ಇಬ್ಬರಷ್ಟು ಮುನ್ನುಗ್ಗುವವನು, ಅದಕ್ಕೆ ಹಿಂದಕ್ಕೆ ಎಳೆದೆ ಅಂದ. ಈ ಪ್ರಸಂಗ ನನಗೆ ತುಂಬಾ ಇಷ್ಟ.

ಇದನ್ನು ಬರೆಯುವಾಗಲೇ 'ಹದ' ಹೊಳೆಯಿತು. ಅಮ್ಮ ಬೆಲ್ಲದ ಪಾಕ ನೋಡುವುದು ನೆನಪಾಯಿತು. ಒಂದು ಹನಿಯನ್ನು ಎರಡು ಬೆರಳ ನಡುವೆ ಹಿಡಿದು ಎಳೆಯುತ್ತಾರೆ. ಒಂದು ತಿಂಡಿಗೆ ಒಂದೆಳೆ ಸಾಕು, ಇನ್ನೊಂದಕ್ಕೆ ಉಂಡೆ ಪಾಕವೇ ಆಗಬೇಕು. ಒಂದು ಗಳಿಗೆ ತಡವಾದರೆ ಹದ ತಪ್ಪಿತು ಅಂತಲೇ ಲೆಕ್ಕ. ಗುರಿ ತಾಗುವ ಅರ್ಥ, ಯಾವುದಕ್ಕೆ ಎಷ್ಟು ಅನ್ನುವ ಅರ್ಥ ಎರಡೂ ಇದರಲ್ಲಿವೆ. ನೆಲ ಹದ ಮಾಡುತ್ತೇವೆ, ಚರ್ಮ ಹದ ಮಾಡುತ್ತೇವೆ. ಕಲಿಸುವುದಕ್ಕೂ ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ನನ್ನ ಅನುಮಾನ ಇಷ್ಟೇ. ಆರೋಗ್ಯ, ಪರಿಸ್ಥಿತಿ 'ಹದಗೆಟ್ಟಿದೆ' ಅನ್ನುವುದು ದಿನಾ ಕೇಳುವ ಮಾತು. ಆದರೆ ಮನುಷ್ಯನ ಗುಣವನ್ನು ಹೊಗಳುವಾಗ 'ಹದ' ಬಳಸುತ್ತೇವಾ? 'ಹದವರಿತವನು' ಅಂದರೆ ನಿಮ್ಮ ಕಡೆ ಸಹಜವಾಗಿ ಕೇಳಿಸುತ್ತದಾ? ಜೊತೆಗೆ ಗ್ರೀಕಿನ 'ಸೋಫ್ರೊಸುನೆ'ಗೆ ಸದ್ಯ 'ಸಂಯಮ' ಹಾಕಿದ್ದೇನೆ. ಅದರಲ್ಲಿ ಬಿಗಿಹಿಡಿಯುವುದೇ ಜಾಸ್ತಿ. ಮೂಲದಲ್ಲಿರುವುದು ಬುದ್ಧಿ ನೆಟ್ಟಗಿರುವುದು. ನಿಮ್ಮ ಊರಿನ ಆಡುಮಾತಿನಲ್ಲಿ ಇದಕ್ಕೆ ಏನಂತಾರೆ, ದಯವಿಟ್ಟು ತಿಳಿಸಿ.