ಗಾಲ್ಫ್‌ನಲ್ಲಿ ಪಟ್ ಮಾಡುವಾಗ ಟಾಪ್‌ಸ್ಪಿನ್ ಕೊಡಬೇಕಾ?

ವಿದ್ಯಾನಗರ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ 3 ಮೀಟರ್ ಮ್ಯಾಟ್ ಹಾಸಿ ಗಾಲ್ಫ್ ಪಟಿಂಗ್ (ಚೆಂಡನ್ನ ನೆಲದ ಮೇಲೆ ಉರುಳಿಸಿ ಕಪ್ ಅಂದ್ರೆ ಗುಳಿಗೆ ಹಾಕೋದು) ಅಭ್ಯಾಸ ನಡೀತಿದೆ. ಪಟರ್ (ಅದಕ್ಕೆ ಬಳಸೋ ಕೋಲು) ಲಾಫ್ಟ್, ಅಂದ್ರೆ ಮುಖ ಹಿಂದಕ್ಕೆ ವಾಲಿರೋ ಕೋನ, 4 ಡಿಗ್ರಿ. ಹೊಡೆದ ಕೂಡಲೇ ಚೆಂಡು ಸಣ್ಣಗೆ ಪುಟಿಯುತ್ತೆ, ಆಮೇಲೆ ಉರುಳುತ್ತೆ. ಒಂದೇ ಜೋರಲ್ಲಿ ಹೊಡೆದರೂ ಒಂದು ಕಪ್ ದಾಟುತ್ತೆ, ಇನ್ನೊಂದು ಅರ್ಧ ಅಡಿ ಹಿಂದೇನೇ ನಿಲ್ಲುತ್ತೆ. ಕೊನೇಲಿ ಎಲ್ಲಾ ಎಡಕ್ಕೆ ವಾಲ್ತಾವೆ. ಪಟರ್ ಮೇಲಕ್ಕೆ ಎತ್ತಿ ಹೊಡೆದು ಟಾಪ್‌ಸ್ಪಿನ್ (ಮುಂದಕ್ಕೆ ಉರುಳೋ ಸುತ್ತು) ಕೊಟ್ರೆ ಸರಿಹೋಗುತ್ತಾ? ಎಡಕ್ಕೆ ಹೋಗೋದು ಸೈಡ್‌ಸ್ಪಿನ್ನಿಂದಾನಾ (ಅಡ್ಡ ಸುತ್ತು)? ಮುಂದಿನ ತಿಂಗಳು ಮೈಸೂರಲ್ಲಿ ಆಡೋದಿದೆ.

ದುರ್ಗದ_ಗಾಳಿ:
ಟಾಪ್‌ಸ್ಪಿನ್ ಬೆನ್ನು ಹತ್ತಬೇಡ್ರಿ. ಪಟರ್ ಚೆಂಡಿಗೆ ತಾಗಿರೋದು ಸೆಕೆಂಡಿನ ಸಾವಿರನೇ ಒಂದು ಪಾಲಿಗಿಂತ ಕಡಿಮೆ ಹೊತ್ತು, ಅಷ್ಟರಲ್ಲಿ ಹೆಚ್ಚು ಸುತ್ತು ಕೊಡಕ್ಕಾಗಲ್ಲ. ಚೆಂಡು ಮೊದಲು ಜಾರುತ್ತೆ. ಹುಲ್ಲಿನ ಘರ್ಷಣೆಯೇ ಅದನ್ನ ಉರುಳಿಸುತ್ತೆ. ಸುತ್ತೇ ಇಲ್ಲದೆ ಹೊರಟ ಚೆಂಡು ಪೂರ್ತಿ ಉರುಳೋ ಹೊತ್ತಿಗೆ ಮೊದಲಿನ ವೇಗದ 5/7 ಮಾತ್ರ ಉಳಿದಿರುತ್ತೆ. ಹುಲ್ಲು ಒದ್ದೆಯಿದ್ರೂ ಒಣಗಿದ್ರೂ ಈ ಲೆಕ್ಕ ಬದಲಾಗಲ್ಲ, ಜಾರೋ ದೂರ ಮಾತ್ರ ಬದಲಾಗುತ್ತೆ.

ನಿಮ್ಮ ತೊಂದರೆ ಇರೋದು ಸುತ್ತು ಒಂದೊಂದು ಸಲ ಒಂದೊಂದು ಥರ ಆಗ್ತಿರೋದ್ರಲ್ಲಿ. ಉರುಳೋಕೆ ಬೇಕಾದ ಸುತ್ತಿನ ಕಾಲು ಭಾಗದಷ್ಟು ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಸಿಕ್ಕಿದ್ರೆ, ಅದೇ ವೇಗದಲ್ಲಿ ಹೊರಟ ಚೆಂಡು ಸುಮಾರು ಏಳನೇ ಒಂದು ಪಾಲು ಮೊದಲೇ ನಿಲ್ಲುತ್ತೆ. 7 ಮೀಟರ್ ಪಟ್‌ನಲ್ಲಿ ಅದು ಒಂದು ಮೀಟರ್. 4 ಡಿಗ್ರಿ ಪಟರನ್ನ ಕೈ ಹಿಂದೆ ಬಿಟ್ಟು ಹೊಡೆದ್ರೆ ತಾಗುವಾಗ 6, 7 ಡಿಗ್ರಿ ಆಗುತ್ತೆ, ಚೆಂಡು ಪುಟಿಯುತ್ತೆ, ಬ್ಯಾಕ್‌ಸ್ಪಿನ್ನೂ ಬರುತ್ತೆ. ಮೇಲಕ್ಕೆ ಎತ್ತಿ ಹೊಡೆಯೋಕೆ ಹೋದಾಗ ಸಾಮಾನ್ಯವಾಗಿ ಮಣಿಕಟ್ಟು ಮಡಚಿಕೊಂಡು ಹೀಗೇ ಆಗೋದು. ಚೆಂಡನ್ನ ಎದೆಯ ಮಧ್ಯದಿಂದ ಒಂದೂವರೆ ಇಂಚು ಮುಂದಿನ ಕಾಲಿನ ಕಡೆ ಇಡ್ರಿ. ತಾಗುವಾಗ ಕೈ ಚೆಂಡಿಗಿಂತ ಕೂದಲೆಳೆ ಮುಂದಿರಲಿ. ಸ್ವಲ್ಪ ಮೇಲ್ಮುಖ ತಾನಾಗೇ ಬರುತ್ತೆ.

ರಸಮಟ್ಟ:
ಎಡಕ್ಕೆ ವಾಲೋದಕ್ಕೆ ಸೈಡ್‌ಸ್ಪಿನ್ ಕಾರಣ ಅಲ್ಲ ಅಣ್ಣ. ಪಟ್‌ನಲ್ಲಿ ಅದರ ಪ್ರಭಾವ ಲೆಕ್ಕಕ್ಕೇ ಬರಲ್ಲ. ತಾರಸಿಗೆ ಮಳೆನೀರಿನ ಕಿಂಡಿ ಕಡೆ ಇಳಿಜಾರು ಕೊಟ್ಟೇ ಇರ್ತಾರೆ. ಮ್ಯಾಟ್ ಮೇಲೆ ಅಡ್ಡಡ್ಡಲಾಗಿ ರಸಮಟ್ಟ ಇಟ್ಟು ನೋಡಿ. 30 ಸೆಂ.ಮೀ.ಗೆ 3 ಮಿ.ಮೀ. ಇಳಿದಿದ್ರೂ, ಒಳ್ಳೆ ಗ್ರೀನಿನಷ್ಟು (ಕಪ್ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಜಾಗ) ವೇಗದ ಮ್ಯಾಟಾದ್ರೆ 3 ಮೀಟರಲ್ಲಿ ಚೆಂಡು ಸುಮಾರು ಅರ್ಧ ಅಡಿಯಷ್ಟು ಅಡ್ಡ ಹೋಗುತ್ತೆ. ಖಚಿತ ಮಾಡ್ಕೊಳ್ಳೋಕೆ ಮ್ಯಾಟನ್ನ ತಲೆಕೆಳಗು ಮಾಡದೆ ಹಿಂದು ಮುಂದಾಗಿ ತಿರುಗಿಸಿ, ನಿಂತಿದ್ದ ಕಡೆಯಿಂದಲೇ ಹೊಡೀರಿ. ಆಗಲೂ ಎಡಕ್ಕೇ ಹೋದ್ರೆ ತಾರಸಿ ಕಾರಣ, ಬಲಕ್ಕೆ ಹೋದ್ರೆ ಮ್ಯಾಟಿನ ನೂಲು ಒಂದು ಕಡೆ ಮಲಗಿರೋದು ಕಾರಣ. ತಾರಸಿ ಕಾರಣ ಆದ್ರೆ 12 ಮಿ.ಮೀ. ಪ್ಲೈವುಡ್ ಹಾಸಿ, ತಗ್ಗಿನ ಬದಿಗೆ ರಟ್ಟು ಸಿಗಿಸಿ ಮಟ್ಟ ಮಾಡಿ.

ವಿದ್ಯಾನಗರ_ದಾವಣಗೆರೆ:
ಕಿಂಡಿ ಎಡಗಡೆಗೇ ಇದೆ! ಚೆಂಡು ಜಾರ್ತಿದೆಯಾ ಉರುಳ್ತಿದೆಯಾ ಅಂತ ಕಣ್ಣಲ್ಲಿ ನೋಡಿ ಗೊತ್ತುಮಾಡೋದು ಹೇಗೆ?

ದುರ್ಗದ_ಗಾಳಿ:
ಚೆಂಡಿನ ಸುತ್ತಳತೆ 13.4 ಸೆಂ.ಮೀ. ಮ್ಯಾಟಿನ ಅಂಚಿಗೆ ಅಷ್ಟಷ್ಟಕ್ಕೆ ಸೀಮೆಸುಣ್ಣದ ಗೆರೆ ಎಳೀರಿ. ಚೆಂಡಿನ ತಲೆ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕಿ ಇಟ್ಟು, ಫೋನನ್ನ ನೆಲಕ್ಕೆ ತಾಗಿಸಿ ಸ್ಲೋ ಮೋಷನ್ ತೆಗೀರಿ, 240 ಫ್ರೇಮ್. ಒಂದು ಗೆರೆಯಿಂದ ಮುಂದಿನ ಗೆರೆಗೆ ಹೋಗೋದ್ರೊಳಗೆ ಚುಕ್ಕಿ ಸರಿಯಾಗಿ ಒಂದು ಸುತ್ತು ಹಾಕಿದ್ರೆ ಅಲ್ಲಿಂದ ಶುದ್ಧ ಉರುಳು. ಅದಕ್ಕೂ ಮುಂಚೆ ಎಲ್ಲಾ ಜಾರಿಕೆ. ಒಟ್ಟು ದೂರದ ಎಂಟನೇ ಒಂದು ಪಾಲಿನ ಹತ್ತಿರ ಜಾರಿಕೆ ಮುಗಿದ್ರೆ ಚೆನ್ನಾಗಿದೆ ಅಂತ ತಿಳೀರಿ.

ಪುಟಿತ ಯಾವ ಥರದ್ದು ಅಂತಲೂ ಅದರಲ್ಲೇ ಕಾಣುತ್ತೆ. ಪಟರಿನಿಂದ ನೇರ ಮೇಲೆದ್ರೆ ಲಾಫ್ಟ್ ಜಾಸ್ತಿ. ಮೊದಲು ಮ್ಯಾಟಿಗೆ ಒತ್ತಿ ಆಮೇಲೆ ಎದ್ರೆ ಕೈ ತೀರಾ ಮುಂದೆ ಹೋಗಿದೆ, ಲಾಫ್ಟ್ ಮೈನಸ್ ಆಗಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ನೋಡದೆ ಲಾಫ್ಟ್ ಬದಲಿಸೋಕೆ ಅಂತ ಪಟರ್ ಬಗ್ಗಿಸೋಕೆ ಕೊಡಬೇಡ್ರಿ. ಪಟರ್ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಹತ್ತು ಹೊಡೀರಿ. ಗುರುತು ಎಲ್ಲಾ ಒಂದು ರೂಪಾಯಿ ನಾಣ್ಯದೊಳಗೆ ಬೀಳಬೇಕು. ತುದಿಗೆ ತಾಗಿದ ಚೆಂಡು ವೇಗ ಕಳ್ಕೊಳ್ಳುತ್ತೆ, ಆ ಅರ್ಧ ಅಡಿ ಅಲ್ಲೂ ಹೋಗಿರಬಹುದು.

ಬೆಣ್ಣೆನಗರಿ:
ಮೈಸೂರಿಗೆ ಹೋದಾಗ ಒಂದು ನೆನಪಿಡಿ. ಬರ್ಮುಡಾ ಹುಲ್ಲಿನ ಗ್ರೀನ್ ಸಿಕ್ಕಿದ್ರೆ ಹುಲ್ಲು ಯಾವ ಕಡೆ ಮಲಗಿದೆ ನೋಡಿ. ಮುಂದೆ ಹೊಳೆಯುತ್ತಿದ್ರೆ ಹುಲ್ಲು ನಿಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತೆ. ಕಪ್ಪಾಗಿ ಕಂಡ್ರೆ ಎದುರು ಹುಲ್ಲು, ಸ್ವಲ್ಪ ಜೋರು ಬೇಕು. ಚೆಂಡು ನಿಧಾನವಾದಷ್ಟೂ ಹುಲ್ಲು ಎಳೆಯುತ್ತೆ, ಹಾಗಾಗಿ ಕಪ್ ಹತ್ತಿರದ ಮೂರಡಿ ಜಾಗವನ್ನೇ ಬಗ್ಗಿ ನೋಡಿ.