ಸಹಾಯ ಬೇಕು: ಚಕಮಕಿ ಕೋವಿಗೆ ಯಾವ ಲಾಕ್?

ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಹತ್ತಿರ. 1770ರ ಸುಮಾರಿನ ಇಲ್ಲಿನ ಉದ್ದ ರೈಫಲ್ ಮಾದರಿಯಲ್ಲಿ ಒಂದನ್ನು ಕೈಯಲ್ಲೇ ಮಾಡುತ್ತಿದ್ದೇನೆ. 42 ಇಂಚಿನ ನಳಿಗೆ, .50 ಕ್ಯಾಲಿಬರ್, ಮೇಪಲ್ ಮರದ ಹಿಡಿ. ನಳಿಗೆ ಕೂರಿಸಿ ಆಯ್ತು, ಲಾಕ್‌ಗೆ (ಕಲ್ಲಿನಿಂದ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಯಂತ್ರ) ಇನ್ನೂ ಮರ ಕೊರೆದಿಲ್ಲ, ಸದ್ಯ!

ಆ ಕಾಲದ ಲ್ಯಾಂಕಾಸ್ಟರ್ ಕೋವಿಗೆ ಜರ್ಮನ್ ಶೈಲಿಯ ದೊಡ್ಡ ಲಾಕೇ ಸರಿ ಅಂತ ಅದನ್ನೇ ತರಿಸಿದೆ. ಈಗ ನಳಿಗೆ ಪಕ್ಕ ಇಟ್ಟು ನೋಡಿದರೆ, ಬೆಂಕಿ ಹೋಗುವ ತೂತನ್ನು ಬ್ರೀಚ್ ಪ್ಲಗ್‌ನ (ನಳಿಗೆಯ ಹಿಂತುದಿ ಮುಚ್ಚುವ ಬಿರಡೆ) ಮುಂದೆ ಸರಿಯಾಗಿ ಇಟ್ಟಾಗ ಅದು ಲಾಕ್‌ನಲ್ಲಿ ಮದ್ದು ಹಾಕುವ ಪ್ಯಾನ್‌ನ ನಡುವೆ ಬರುವುದಿಲ್ಲ, 3 ಮಿ.ಮೀ.ನಷ್ಟು ಹಿಂದಕ್ಕೆ ಬೀಳುತ್ತದೆ. ಲಾಕನ್ನೇ ಹಿಂದಕ್ಕೆ ಸರಿಸಿದರೆ ಸಿಯರ್ (ಟ್ರಿಗರ್ ಎಳೆದಾಗ ಲಾಕನ್ನು ಬಿಡಿಸುವ ತುಂಡು) ಟ್ರಿಗರ್‌ನ ಜಾಗದಿಂದ ದೂರವಾಗುತ್ತದೆ. ಟ್ರಿಗರ್ ಇನ್ನೂ ಕೂರಿಸಿಲ್ಲ, ಅದನ್ನೂ ಹಿಂದಕ್ಕೆ ತಂದರೆ ಸಾಕಾ, ಹಿಡಿಯ ಅಂದ ಕೆಡುತ್ತದಾ?

ಇನ್ನೊಂದು. ಕುದುರೆ (ಕಲ್ಲು ಹಿಡಿದಿರುವ ಸುತ್ತಿಗೆ) ಬಿಟ್ಟಾಗ ಕಲ್ಲು ಫ್ರಿಜನ್‌ಗೆ (ಕಿಡಿ ಬರುವ ಉಕ್ಕಿನ ತಟ್ಟೆ) ನೇರವಾಗಿ ಗುದ್ದುತ್ತದೆ, ಉಜ್ಜಿಕೊಂಡು ಇಳಿಯುವುದಿಲ್ಲ. ನಾಲ್ಕೈದು ಸಲಕ್ಕೇ ಕಲ್ಲಿನ ಅಂಚು ಚೂರಾಯ್ತು. ಕುದುರೆಯ ಕತ್ತನ್ನು ಕಾಯಿಸಿ ಸ್ವಲ್ಪ ಬಗ್ಗಿಸಿದವರು ಯಾರಾದರೂ ಇದ್ದೀರಾ? ಫ್ರಿಜನ್ ಮುಖಕ್ಕೆ ಅರ ಹಾಕಲು ಧೈರ್ಯವಿಲ್ಲ, ಗಟ್ಟಿ ಪದರ ಹೋದರೆ ಕಿಡಿಯೇ ಬರಲ್ಲ ಅಲ್ವಾ. ಮೊದಲು ಕಲ್ಲನ್ನು ಮಗುಚಿ, ಅದಕ್ಕೆ ಸುತ್ತಿದ ಚರ್ಮದ ಪಟ್ಟಿ ಬದಲಿಸಿ ನೋಡಿದೆ, ಅಷ್ಟೇನೂ ಫರಕಿಲ್ಲ.

ಡಬಲ್ ಸೆಟ್ ಟ್ರಿಗರ್ (ಒಂದನ್ನು ಎಳೆದು ಸಜ್ಜು ಮಾಡಿದರೆ ಇನ್ನೊಂದು ಹಗುರವಾಗಿ ಬಿಡುವ ಜೋಡಿ) ಹಾಕಬೇಕೆಂದಿದ್ದೇನೆ, ಹಾಗಾಗಿ ಕುದುರೆಯ ಜೊತೆ ತಿರುಗುವ ಟಂಬ್ಲರ್‌ನಲ್ಲಿ ಫ್ಲೈ (ಸಿಯರ್ ನಡುವಿನ ಕಚ್ಚಿಗೆ ಸಿಕ್ಕಿಕೊಳ್ಳದಂತೆ ತಡೆಯುವ ಪುಟ್ಟ ತುಂಡು) ಇರಲೇಬೇಕು. ಇದರಲ್ಲಿ ಇದೆ. ಊರು ಕೊಡಗು, ಮನೆಯಲ್ಲಿ ಕೋವಿ ನೋಡಿಯೇ ಬೆಳೆದವನು, ಆದರೆ ಅದು ತೋಟಾ ಕೋವಿ, ಇಲ್ಲಿ ಆ ಅನುಭವ ಕೆಲಸಕ್ಕೆ ಬರುತ್ತಿಲ್ಲ. ಲಾಕ್ ವಾಪಸ್ ಮಾಡಲು ಇನ್ನೂ ಒಂದು ವಾರ ಟೈಮಿದೆ. ಇದನ್ನೇ ತಿದ್ದಲಾ, ಚಿಕ್ಕದು ತರಿಸಲಾ?